ಎಡಗಡೆಯ ಟೈರುಗಳು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ವಾಡಿಯ ನನ್ನ ಟೈರಿನ ಅಂಗಡಿಗೆ ಬರುವ ಡ್ರೈವರುಗಳು ಮೊದಲು ಬೈಸಿಕೊಂಡು ಆಮೇಲೆ ಚಹಾ ಕುಡಿಯುತ್ತಿದ್ದರು. ನನ್ನ ಅಣ್ಣನಿಗೂ ಅದರಲ್ಲಿ ರಿಯಾಯಿತಿ ಇರಲಿಲ್ಲ. ಅವನು ಶಹಾಬಾದಿನ ಸಾಹುಕಾರರೊಬ್ಬರ ಲಾರಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿಕೊಂಡು ಸೇಡಂ, ಚಿಂಚೋಳಿ ಕಡೆಗೆ ಹೋಗುತ್ತಿದ್ದ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಹೊಸದರಲ್ಲಿ ಆ ಲಾರಿಯ ಟೈರುಗಳು ಒಂದೇ ಕಡೆ ಸವೆಯತೊಡಗಿದವು. ಬಲಗಡೆಯವು ಗಟ್ಟಿಯಾಗಿರುತ್ತಿದ್ದವು. ಎಡಗಡೆ ಮುಂದಿನ, ಹಿಂದಿನ ಟೈರುಗಳ ಹೊರ ಅಂಚು ಮಾತ್ರ ಕುಡುಗೋಲಿನಿಂದ ಹೆರೆದಂತೆ ಹೋಗಿರುತ್ತಿತ್ತು.

ಸಾಹುಕಾರರು ಒಂದು ದಿನ ಅಂಗಡಿಗೇ ಬಂದರು. “ಇದರ ಮೂಲ ಹುಡುಕು. ಇಲ್ಲಂದ್ರ ನಿಮ್ಮಣ್ಣನ್ನ ಗಾಡಿ ಮ್ಯಾಲಿಂದ ಇಳಸ್ತೀನಿ ನೋಡು,” ಎಂದರು. ಅಣ್ಣನಿಗೆ ಲಾರಿ ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದ್ದೂ ಅವನು ಲಾರಿ ಓಡಿಸಿಯೇ. ದೋಷ ಗಾಡಿಯದೇ ಆಗಿರಲಿ ದೇವರೇ ಎಂದು ಬೇಡಿಕೊಂಡು ಜಾಕ್ ಹಚ್ಚಿದೆ.

ಮುಂದಿನ ಚಕ್ರ ಹೊರಳಿಸುವ ಕೀಲು, ಕಿಂಗ್‌ಪಿನ್, ಸಡಿಲಾದರೆ ಆ ಟೈರು ಒಂದು ಮಗ್ಗುಲು ಸವೆಯುತ್ತದೆ. ಚಕ್ರ ಹಿಡಿದು ಅಲುಗಾಡಿಸಿದೆ, ಬಿಗಿಯಾಗಿತ್ತು. ಮುಂದಿನ ಎರಡು ಚಕ್ರಗಳ ನಡುವೆ ಹಗ್ಗ ಹಿಡಿದು ಅಳೆದೆ, ಸರಿಯಾಗಿತ್ತು. ಭಾರ ಹೊರುವ ಕಮಾನಿನ ಪಟ್ಟಿ ಒಂದೂ ಮುರಿದಿರಲಿಲ್ಲ. ಅಲ್ಲದೆ ಮುಂದಿನ ಚಕ್ರದ ದೋಷಕ್ಕೆ ಹಿಂದಿನ ಟೈರು ಯಾಕೆ ಸವೆಯಬೇಕು? ಬಲಗಡೆಯ ಟೈರುಗಳನ್ನು ಬಿಚ್ಚಿ ಎಡಕ್ಕೆ ಹಾಕಿ ಕಳಿಸಿದೆ. ಸ್ವಲ್ಪ ದಿನಕ್ಕೆ ಅವುಗಳ ಅಂಚೂ ಹೋಯಿತು. ಕಲ್ಲು ತುಂಬುವವರು ಭಾರವನ್ನೆಲ್ಲ ಎಡಕ್ಕೇ ಹೇರುತ್ತಾರೇನೋ ಎಂದು ಶಹಾಬಾದಿಗೆ ಹೋಗಿ ಅವರೊಂದಿಗೆ ಜಗಳವಾಡಿ ಬಂದೆ. ಪಾಪ, ಅವರು ಸರಿಯಾಗಿಯೇ ಜೋಡಿಸುತ್ತಿದ್ದರು.

“ರಸ್ತಾನೇ ಛಲೋ ಇಲ್ಲ ತಮ್ಮಾ,” ಎಂದ ಅಣ್ಣ.

“ಹೌದು, ಕುಣೀಲಾಕ ಬರಲಾರದಾಕಿ ನೆಲ ಡೊಂಕ ಅಂದಳಂತ! ಉಳಿದ ಲಾರಿ ಏನ್ ಆಕಾಶದಾಗ ಹಾರ್ತಾವೇನು?”

ನನ್ನ ಒಂದು ಮಾತಿಗೆ ಎರಡು ತಿರುಗಿ ಕೊಡುತ್ತಿದ್ದವನು ಅವತ್ತು ಟವೆಲಿನಿಂದ ಮುಖ ಒರೆಸಿಕೊಂಡ.

ನಿಂತ ಗಾಡಿಯಲ್ಲಿ ಸಿಗದ ರೋಗ ಓಡುವಾಗ ಸಿಕ್ಕೀತು ಎಂದು ಮರುದಿನ ಮುಂಜಾನೆ ಅವನ ಪಕ್ಕದಲ್ಲಿ ಕೂತು ಹೊರಟೆ. ಆಗ ಡಾಂಬರು ಒಂದೇ ಲಾರಿ ಹಿಡಿಯುವಷ್ಟು. ಎದುರಿಗೆ ಗಾಡಿ ಬಂದರೆ ಎಲ್ಲರೂ ಎಡಗಡೆಯ ಚಕ್ರಗಳನ್ನು ಮಣ್ಣಿಗೆ ಇಳಿಸಿ, ಅದು ದಾಟಿದ ಮೇಲೆ ಮತ್ತೆ ಹತ್ತಿಸುತ್ತಿದ್ದರು. ಚಿತ್ತಾಪುರ ದಾಟುತ್ತಲೇ ಅಣ್ಣ ಇಳಿಸಿದ. ಮತ್ತೆ ಹತ್ತಿಸಲೇ ಇಲ್ಲ. ಖಾಲಿ ರಸ್ತೆ, ಒಂದು ನಾಯಿ ಸಹ ಇಲ್ಲ. ಆದರೂ ಲಾರಿ ಡಾಂಬರಿನ ಕಿತ್ತುಹೋದ ಅಂಚಿಗೆ, ಪಕ್ಕದ ಚೂಪು ಕಲ್ಲುಗಳಿಗೆ ಟೈರು ಉಜ್ಜುತ್ತಲೇ ಹೋಯಿತು. ಎಲಾ ಇವನ, ಎಂದು ಬೈಯಲು ಬಾಯಿ ತೆರೆದೆ. ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

ಮಳಖೇಡದ ಹೋಟೆಲಿನ ಮುಂದೆ ಲಾರಿ ನಿಲ್ಲಿಸಿದ. ನಾನು ಇಳಿದು ಚಹಾ ತಂದು, ಅವನ ಬದಿಯ ಕಿಟಕಿಯಲ್ಲಿ ಗ್ಲಾಸು ಚಾಚಿದೆ. ಅವನು ನೆಟ್ಟಗೆ ಎದುರಿಗೇ ನೋಡುತ್ತ ಕೂತಿದ್ದ. ಹಬೆಯಾಡುವ ಗ್ಲಾಸು ಅವನ ಕೆನ್ನೆಯಿಂದ ಗೇಣು ದೂರದಲ್ಲಿತ್ತು. “ತಗೋ,” ಎಂದೆ. ಬೆಚ್ಚಿಬಿದ್ದು ಮುಖವನ್ನು ಪೂರ್ತಿ ತಿರುಗಿಸಿ, ಎಡಗಣ್ಣಿನಿಂದ ನನ್ನನ್ನು ಹುಡುಕಿದ.

“ಅಣ್ಣಾ, ಬಲಗಣ್ಣು ಕಾಣಂಗಿಲ್ಲೇನು?”

ಅಣ್ಣ ಗ್ಲಾಸು ತೆಗೆದುಕೊಂಡ. “ಹೋದ ವರ್ಸ ಕಲ್ಲಿನ ಖಣ್ಯಾಗ ಈ ಕಣ್ಣಿಗಿ ಚಕ್ಕಿ ಬಡದಿತ್ತಲ್ಲ. ಗಾಯ ಮಾಯ್ತು, ಬೆಳಕು ಬರಲಿಲ್ಲ. ಬಲಕ್ಕ ಏನ್ ಬರಾಕತ್ತದ ಅಂದಾಜೇ ಆಗಂಗಿಲ್ಲ. ಯಾರದರ ಮ್ಯಾಲ ಹೋದ್ರ? ಅದಕ್ಕ ಎಡಕ್ಕ ಸರಕೋತೀನಿ. ಟಾಯರ್ ಸವದ್ರ ಸವೀಲಿ ತಮ್ಮಾ, ಮಂದಿ ಉಳೀಲಿ.”

ನನಗೆ ಅಳು ತಡೆಯಲಾಗಲಿಲ್ಲ. ಹೋಟೆಲಿನ ಮಂದಿಯೆದುರಿಗೇ ಅತ್ತೆ. ಇಡೀ ವರ್ಷ ಆ ಭಯವನ್ನು ಅವನು ಒಬ್ಬನೇ ಹೊತ್ತು ತಿರುಗಿದ್ದ, ಮನೆಯಲ್ಲಿ ಅತ್ತಿಗೆಗೂ ಹೇಳಿರಲಿಲ್ಲ.

ಅಲ್ಲಿಂದ ಲಾರಿ ನಾನೇ ಓಡಿಸಿದೆ. ನನಗೆ ಓಡಿಸಲು ಕಲಿಸಿದವನು ಅವನೇ. ಸೇಡಂನಲ್ಲಿ ಕಲ್ಲು ಇಳಿಸಿ ತಿರುಗಿ ಬರುವಾಗ, “ಸಾವಕಾರ್ರಿಗಿ ಕಿಂಗ್‌ಪಿನ್ನಿನ ಬುಶ್ ಹೋಗಿತ್ತು, ಬದಲಿ ಮಾಡೀನಿ ಅಂತೀನಿ. ನೀ ಬಾಯಿ ಬಿಡಬ್ಯಾಡ. ಅಷ್ಟರೊಳಗ ಕಣ್ಣಿನ ಡಾಕ್ಟರಿಗಿ ತೋರಸೂನು,” ಎಂದೆ.

ಶಹಾಬಾದಿನಲ್ಲಿ ಸಾಹುಕಾರರು ಅಂಗಳದಲ್ಲೇ ಕೂತಿದ್ದರು. “ಏನ್ ಸಿಕ್ತು?” ಎಂದು ನನ್ನನ್ನು ಕೇಳಿದರು.

“ಬುಶ್ ರೀ…” ಎಂದು ಶುರು ಮಾಡಿದೆ. ಅಣ್ಣ ನನ್ನ ಕೈಯಿಂದ ಚಾವಿ ತೆಗೆದುಕೊಂಡು ಸಾಹುಕಾರರ ಮುಂದೆ ಇಟ್ಟ.

“ಗಾಡಿ ಛಲೋ ಅದರಿ ಸಾವಕಾರ್ರ. ಡ್ರೈವರ್‌ನ್ನ ಬದಲಿ ಮಾಡ್ರಿ.”

ವಾಡಿಯ ರೈಲು ಹಿಡಿಯಲು ಇಬ್ಬರೂ ಸ್ಟೇಷನ್ನಿನ ಕಡೆ ನಡೆದೆವು. ಎದುರಿನಿಂದ ಒಂದು ಟಾಂಗಾ ಬಂತು. ನಾನು ಅವನ ಬಲಕ್ಕೆ ಹೋಗಿ ತೋಳು ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ.