ತಗಡಿನ ಹಾಲ್ ಮತ್ತು ತಡವಾದ ಆಮೆನ್

ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಅಂಗಳವನ್ನು ನೋಡಬೇಕು. ಮಲಯಾಳಿಗಳು ಮೇರಿ ಮಾತೆಯ ಗವಿಯ ಮುಂದೆ, ತಮಿಳರು ಬೇವಿನ ಮರದ ಕೆಳಗೆ, ಝಾರ್ಖಂಡದವರು ಗೇಟಿನ ಹತ್ತಿರ. ಕನ್ನಡದವರ ಪಾಲಿಗೆ ಬಂದದ್ದು ಹಿಂದುಗಡೆಯ ತಗಡಿನ ಹಾಲ್. ತಿಂಗಳಿಗೊಮ್ಮೆ ಕನ್ನಡ ಪೂಜೆ ಅಲ್ಲೇ. ದೆಹಲಿಯ ಜೂನ್‌ನಲ್ಲಿ ಅದರೊಳಗೆ ಕೂತವರಿಗೆ ನರಕದ ಬಗ್ಗೆ ಬೇರೆ ಪ್ರವಚನ ಬೇಕಿರಲಿಲ್ಲ.

ಆ ಅಂಗಳದಲ್ಲಿ ನಾನು ಅಣಕಿಸದ ಜೀವವಿಲ್ಲ. ‘ಗಾಡಿ ಪೀಛೇ ಲೋ ಭಯ್ಯಾ’ ಎನ್ನುವ ವಾಚ್‌ಮನ್, ಹಿಂದಿಯಲ್ಲಿ ಎಡವುತ್ತ ನಡೆಯುವ ಫಾದರ್, ಇಲ್ಲಿಯೇ ಹುಟ್ಟಿ ಮೆಟ್ರೋ ಅನೌನ್ಸ್‌ಮೆಂಟಿನ ಹಾಗೆ ಕನ್ನಡ ಮಾತಾಡುವ ನಾನು, ಎಲ್ಲರೂ ನನ್ನ ಅಂಗಡಿಯ ಸರಕು. ಆದರೆ ಹೆಚ್ಚು ಖರ್ಚಾಗುತ್ತಿದ್ದದ್ದು ಕಿದ್ವಾಯಿ ನಗರದ ಅಂಕಲ್. ಎಲ್ಲರ ಆಮೆನ್ ಮುಗಿದ ಮೇಲೆ ಅವರದೊಂದು ಆಮೆನ್, ಒಂಟಿಯಾಗಿ, ಮೂಗಿನಿಂದ ಎಳೆದು ಎಳೆದು. ತಗಡಿಗೆ ಬಡಿದು ಅದು ಮತ್ತೊಂದು ಸುತ್ತು ಬರುತ್ತಿತ್ತು. ನಾನು ಮಾಡಿ ತೋರಿಸಿದರೆ ಮೊದಲು ನಗುತ್ತಿದ್ದವರು ಅವರೇ.

ಕಳೆದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಬೇಸಿಗೆಯ ಹೊತ್ತಿಗೆ ಹಾಲ್ ಕೆಡವಿ ಪಾರ್ಕಿಂಗ್ ಮಾಡುವುದೆಂದು ಚರ್ಚಿನವರು ತೀರ್ಮಾನಿಸಿದರು. ಕನ್ನಡದವರು ಇನ್ನು ಹಿಂದಿ ಪೂಜೆಗೆ ಸೇರಿಕೊಳ್ಳಬೇಕು. ಯಾರೂ ಜಗಳವಾಡಲಿಲ್ಲ. ಜಗಳಕ್ಕೆ ಬೇಕಾದಷ್ಟು ಜನ ನಾವು ಉಳಿದಿರಲಿಲ್ಲ.

ಕೊನೆಯ ಕನ್ನಡ ಪೂಜೆ ಮುಗಿದು ಕುರ್ಚಿಗಳನ್ನು ಹೊರಗೆ ಸಾಗಿಸುತ್ತಿದ್ದೆವು. ಅಂಕಲ್ ಅವರ ಹೆಂಡತಿ ಒಂದು ಕುರ್ಚಿಯನ್ನು ಮಾತ್ರ ಬಿಟ್ಟುಕೊಡದೆ ಕೂತಿದ್ದರು.

“ಏಯ್ ಮಿಮಿಕ್ರಿ, ಬಾರೋ ಇಲ್ಲಿ.”

“ಜೀ ಮೇಡಂ, ಗಾಡಿ ಹಟಾನಾ ಹೈ ಕ್ಯಾ?” ಎಂದೆ, ವಾಚ್‌ಮನ್ ದನಿಯಲ್ಲಿ.

ಅವರು ನಗಲಿಲ್ಲ. “ನಮ್ಮನೆಯವರ ಆಮೆನ್ ಹೇಳು. ನಾಳೆ ಈ ತಗಡು ಇರಲ್ಲ. ಇದರೊಳಗೆ ಒಂದ್ಸಲ ಕೇಳಿಸ್ಕೊಂಡು ಹೋಗ್ತೀನಿ.”

“ಆಂಟಿ, ನಿಮ್ಮ ಫೋನಲ್ಲಿ ವಿಡಿಯೋ ಇರಬೇಕಲ್ಲ?”

“ಎಲ್ಲಾ ವಿಡಿಯೋನೂ ತೆಗೆದಿದ್ದು ಅವರೇ ಕಣೋ. ಅದ್ರಲ್ಲಿ ಬರೀ ನಾನೇ ಇದ್ದೀನಿ. ‘ರೀ, ನೀವು ಸುಮ್ನಿರಿ, ನಿಮ್ಮ ಮಾತು ರೆಕಾರ್ಡ್ ಆಗುತ್ತೆ’ ಅಂತ ಬೈತಾ.”

ನಾನು ಗಂಟಲು ಸರಿ ಮಾಡಿಕೊಂಡು ಹೇಳಿದೆ. ಆಂಟಿ ಕಣ್ಣು ಮುಚ್ಚಿ ಕೇಳಿದರು. ತಲೆ ಅಲ್ಲಾಡಿಸಿದರು.

“ಇದು ನೀನು ನಗಿಸೋಕೆ ಮಾಡ್ತಿದ್ದದ್ದು. ಅವರದು ಹೇಳು.”

ಮೂಗು ಬಿಟ್ಟು ಎದೆಯಿಂದ ಹೇಳಿದೆ. ಅಲ್ಲ. ಎಳೆಯದೆ ಮೆಲ್ಲಗೆ ಹೇಳಿದೆ. ಅದೂ ಅಲ್ಲ. ಏನು ಮಾಡಿದರೂ ತಗಡು ನನಗೆ ನನ್ನ ತಮಾಷೆಯನ್ನೇ ವಾಪಸು ಕೊಡುತ್ತಿತ್ತು. ಅಂಕಲ್ ಬಾಯಿ ತೆರೆದಾಗಲೆಲ್ಲ ಜನ ಎಲ್ಲಿ ನಗುತ್ತಾರೋ ಅಷ್ಟನ್ನು ಮಾತ್ರ ನಾನು ಎತ್ತಿಟ್ಟುಕೊಂಡಿದ್ದೆ. ಮಿಕ್ಕ ದನಿ ನನ್ನ ಕಿವಿಯ ಮುಂದೆಯೇ ಹಾದುಹೋಗಿತ್ತು.

“ಹೋಗ್ಲಿ ಬಿಡೋ,” ಎಂದರು ಆಂಟಿ. “ನಂಗೂ ಸರಿಯಾಗಿ ಜ್ಞಾಪಕ ಇಲ್ಲ. ಇದಲ್ಲ ಅಂತ ಮಾತ್ರ ಗೊತ್ತಾಗ್ತಿದೆ.”

ಎದ್ದು, ಕೂತಿದ್ದ ಕುರ್ಚಿಯನ್ನು ತಾವೇ ಮಡಚಿ ನನ್ನ ಕೈಗೆ ಕೊಟ್ಟರು.

ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ. ಪೀತಂಪುರಾದಲ್ಲೋ ಮತ್ತೆಲ್ಲೋ ನಮ್ಮವರ ಮನೆಯಲ್ಲಿ ಸಮಾರಂಭವಾದರೆ ಯಾರಾದರೂ ಕೇಳಿಯೇ ಕೇಳುತ್ತಾರೆ, “ಅಂಕಲ್‌ದು ಮಾಡೋ.” ಬೇಡವೆಂದರೂ ಬಿಡುವುದಿಲ್ಲ, ಮಾಡುತ್ತೇನೆ. ಅವರ ಜೊತೆ ವರ್ಷಗಟ್ಟಲೆ ಕೂತು ಹಾಡಿದವರೂ ‘ಅಚ್ಛಾ, ಥೇಟ್ ಅವರೇ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲ ಎಂದು ಹೇಳಬಲ್ಲ ಆಂಟಿ ಇಂಥಲ್ಲಿಗೆಲ್ಲ ಬರುವುದನ್ನು ಬಿಟ್ಟಿದ್ದಾರೆ. ಮಾಡುತ್ತ ಮಾಡುತ್ತ ಈಗ ನನಗೂ ಅದೇ ಅವರ ದನಿ ಅನ್ನಿಸತೊಡಗಿದೆ.