ಕೊಪ್ಪರಿಗೆಯ ವೆಬ್‌ಸೈಟಿಗೆ ಕೇಳಿದ ಪ್ರಸಾದ

ನಮ್ಮ ಗಿರಾಕಿಗೆ ಬೇಕಾಗಿದ್ದು ಇಷ್ಟೇ: ತನ್ನ ಕೊಪ್ಪರಿಗೆಗಳು ಯಾವ ದಿನ ಯಾರ ಮನೆಯಲ್ಲಿವೆ ಎಂದು ಗೊತ್ತಾಗಬೇಕು. ಬನವಾಸಿ ಕಡೆಯವರು. ಶಿರಸಿಯಲ್ಲಿ ಮದುವೆ, ಮುಂಜಿಗೆ ಪಾತ್ರೆ ಬಾಡಿಗೆ ಕೊಡುತ್ತಾರೆ. ಹಿಂದಿನ ವರ್ಷ ಒಂದೇ ಕೊಪ್ಪರಿಗೆಯನ್ನು ಒಂದೇ ಮುಹೂರ್ತಕ್ಕೆ ಸಿದ್ದಾಪುರದ ಒಂದು ಮನೆಗೂ ಯಲ್ಲಾಪುರದ ಒಂದು ಮನೆಗೂ ಒಪ್ಪಿಕೊಂಡುಬಿಟ್ಟಿದ್ದರು. ಯಲ್ಲಾಪುರದವರು ಬಚ್ಚಲ ಹಂಡೆ ತಿಕ್ಕಿ ಅದರಲ್ಲೇ ಪಾಯಸ ಕಾಯಿಸಿದರು. ಪಾಯಸ ಚೆನ್ನಾಗಿಯೇ ಆಗಿತ್ತಂತೆ. ಆದರೆ ವಿಷಯ ಬೀಗರಿಗೆ ತಿಳಿಯಿತು.

"ಅಕ್ಕಾರ, ನಂಗ ದೊಡ್ಡ ವೆಬ್‌ಸೈಟ್ ಬ್ಯಾಡ್ರಿ. ಕೊಪ್ಪರಿಗಿ ಯಾರ ಮನ್ಯಾಗ ಐತಿ ಅಂತ ಕಂಡ್ರ ಸಾಕ್ರಿ. ಸೀಸನ್ ಬಂತ್ರಿ" ಎಂದರು. ನಾವು ಆಗಲಿ ಎಂದೆವು. ಆಮೇಲೆ ಮೂರು ವಾರ ಜಗಳವಾಡಿದೆವು.

ನಾವು ಎಂದರೆ ನಾನು ಮತ್ತು ನನ್ನ ಕಾಲೇಜಿನ ಗೆಳತಿ. ಔಷಧಿ ಅಂಗಡಿಯ ಮಹಡಿಯ ಮೇಲೆ ಎರಡು ಮೇಜು, ಒಂದು ಪ್ರಿಂಟರ್, ನಮ್ಮ ಕಂಪನಿ. ಇದಕ್ಕಾಗಿ ಅವಳು ಕಾಲೇಜಿನ ಉಪನ್ಯಾಸಕಿ ಕೆಲಸ ಬಿಟ್ಟು ಬಂದಿದ್ದಳು. ಮಂಚಿಕೇರಿಯ ಅವಳ ಮನೆಯಲ್ಲಿ ಈಗಲೂ ಅವಳು ರಜೆಯಲ್ಲಿದ್ದಾಳೆ ಎಂದೇ ನಂಟರಿಗೆ ಹೇಳುತ್ತಾರೆ.

ಜಗಳ ಫ್ರೇಮ್‌ವರ್ಕಿನದು. ಮನೆ ಕಟ್ಟುವ ಮೊದಲು ಚಿರೆಕಲ್ಲೋ ಇಟ್ಟಿಗೆಯೋ ಎಂದು ತೀರ್ಮಾನಿಸಬೇಕಲ್ಲ, ವೆಬ್‌ಸೈಟಿಗೂ ಹಾಗೇ ಒಂದನ್ನು ಆರಿಸಬೇಕು. ಅವಳಿಗೆ ನಾವು ಇಷ್ಟು ವರ್ಷ ಬಳಸಿದ ಹಳೆಯದೇ ಬೇಕು. ನನಗೆ ಹೊಸದು ಬೇಕು. ವೇಗ, ಭದ್ರತೆ, ಭವಿಷ್ಯ ಎಂದು ನಾನು ಕ್ಯಾಲೆಂಡರಿನ ಬೆನ್ನ ಮೇಲೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಅವಳು ಅದರ ಕೆಳಗೆ 'ಕೊಪ್ಪರಿಗೆ' ಎಂದು ಬರೆದಳು.

ನನ್ನ ಪಟ್ಟಿಯಲ್ಲಿ ಇಲ್ಲದ ಕಾರಣ ಒಂದಿತ್ತು. ದೂರದ ಒಂದು ಕಂಪನಿ ನನಗೆ ಇಸಳೂರಿನ ನಮ್ಮ ಮನೆಯಲ್ಲೇ ಕೂತು ಮಾಡುವ ಕೆಲಸ ಕೊಡುವುದಿತ್ತು. ಆದರೆ ಹೊಸ ಫ್ರೇಮ್‌ವರ್ಕಿನಲ್ಲಿ ಮಾಡಿದ, ಜನ ನಿಜವಾಗಿ ಬಳಸುವ ಒಂದು ವೆಬ್‌ಸೈಟ್ ತೋರಿಸಬೇಕಿತ್ತು. ಕೆಲಸ ಸಿಕ್ಕರೆ ಆ ಮಹಡಿಯಲ್ಲಿ ಒಂದೇ ಮೇಜು ಉಳಿಯುತ್ತದೆ. ಇದನ್ನು ಅವಳಿಗೆ ಹೇಳಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ.

ನಾಲ್ಕನೆಯ ವಾರ ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಹೀಂಗೆ ಜಗಳ ಆಡ್ತಾ ಕೂತ್ರೆ ಆಗ್ತಿಲ್ಲೆ. ಪ್ರಸಾದ ಕೇಳನ, ನಡೆ."

ನಮ್ಮಲ್ಲಿ ಹುಡುಗನ ಸಂಬಂಧಕ್ಕೆ, ಬಾವಿ ತೋಡುವ ಜಾಗಕ್ಕೆ, ಕಳೆದುಹೋದ ಎಮ್ಮೆಗೆ ಪ್ರಸಾದ ಕೇಳುತ್ತಾರೆ. ಭಟ್ಟರು ಹೂವಿನ ಎಸಳನ್ನು ನೀರಲ್ಲಿ ಅದ್ದಿ ದೇವರ ಎರಡೂ ಬದಿಗೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಫ್ರೇಮ್‌ವರ್ಕಿಗೆ ಯಾರಾದರೂ ಕೇಳಿದ್ದರೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ನನ್ನ ಸ್ಕೂಟಿಯಲ್ಲಿ ಮಂಚಿಕೇರಿಯ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಪೂಜೆಗೆ ಇದ್ದವರು ಅವಳ ಚಿಕ್ಕಪ್ಪ.

"ಎಂತ ಕೇಳವು?" ಎಂದರು.

"ಕೊಪ್ಪರಿಗೆ ಬಾಡಿಗೆಗೆ ಕೊಡೋರ ವೆಬ್‌ಸೈಟ್ ಹಳೇದ್ರಲ್ಲಿ ಮಾಡವ, ಹೊಸದ್ರಲ್ಲಿ ಮಾಡವ ಹೇಳಿ" ಎಂದಳು ಗೆಳತಿ.

"ಎರಡು ಕೇಳಲೆ ಬತ್ತಿಲ್ಲೆ. ಒಂದೇ ಕೇಳವು. ಹೊಸದು ಬೇಕು ಹೇಳಿದ್ದು ಯಾರು?"

ನಾನು ಮುಂದೆ ಬಂದೆ. ಎಂತಕ್ಕೆ ಬೇಕು ಎಂಬುದನ್ನೂ ದೇವರ ಎದುರು ಬಾಯಿಬಿಟ್ಟು ಹೇಳಬೇಕು, ಅದು ತಮ್ಮ ಕ್ರಮ ಎಂದರು.

"ಪುಟ ಬೇಗ ತೆರೀತು" ಎಂದೆ.

"ಕೊಪ್ಪರಿಗೆ ಬೇಕಾದವಂಗೆ ಅಷ್ಟು ಗಡಿಬಿಡಿ ಎಂತಕ್ಕೆ?"

"ಸಾವಿರ ಜನ ಒಂದೇ ಸಲ ಬಂದ್ರೂ ತಡೀತು."

"ಅಷ್ಟು ಕೊಪ್ಪರಿಗೆ ಇದ್ದ ಅವನ ಹತ್ರ?"

ಇಷ್ಟು ವರ್ಷದ ವೃತ್ತಿಯಲ್ಲಿ ನನ್ನನ್ನು ಯಾರೂ ಇಷ್ಟು ಚೆನ್ನಾಗಿ ವಿಚಾರಿಸಿರಲಿಲ್ಲ. ಅವರು ಕೈಯಲ್ಲಿ ಎಸಳು ಹಿಡಿದುಕೊಂಡೇ ಕಾಯುತ್ತಿದ್ದರು. "ಅದೆಲ್ಲ ಅವಂಗಾತು ತಂಗಿ. ನಿಂಗೆ ಎಂತಕ್ಕೆ ಬೇಕು?"

"ನಂಗೆ ಬೇರೆ ಕೆಲಸ ಸಿಗೋ ಹಾಂಗೆ ಇದ್ದು. ಅದಕ್ಕೆ ಬೇಕು."

ಗೆಳತಿ ನನ್ನ ಕಡೆ ತಿರುಗಲಿಲ್ಲ. "ಹಾಂಗೇ ಕೇಳಿ ಚಿಕ್ಕಪ್ಪ" ಎಂದಳು. "ಹೊಸದ್ರಲ್ಲೇ ಮಾಡವ ಹೇಳಿ ಕೇಳಿ."

ಎಸಳು ಅಂಟಿಸಿದರು. ಬಹಳ ಹೊತ್ತು ಯಾವುದೂ ಬೀಳಲಿಲ್ಲ. ಎಡಗಡೆಯದು ಬೀಳಲಿ ಎಂದು ನಾನು ಬೇಡಿಕೊಂಡೆ. ಕೇಳಿದವಳೂ ನಾನೇ, ಬೇಡವೆಂದು ಬೇಡಿಕೊಂಡವಳೂ ನಾನೇ. ಬಲಗಡೆಯ ಎಸಳು ಜಾರಿ ಬಿತ್ತು.

"ಆತು" ಎಂದರು ಭಟ್ಟರು. "ಕಾಪಿ ಕುಡ್ಕಂಡು ಹೋಗಿ."

 ವಾಪಸು ಬರುವಾಗ ಅರ್ಧ ದಾರಿಯಲ್ಲಿ ಹಿಂದಿನ ಸೀಟಿನಿಂದ ಅವಳ ದನಿ ಬಂತು. "ನಂಗೆ ಮೊದ್ಲೇ ಗೊತ್ತಿತ್ತು."

"ಹ್ಯಾಂಗೆ?"

"ನಿನ್ನ ಬಯೋಡೇಟಾ ಪ್ರಿಂಟರಲ್ಲಿ ಸಿಕ್ಕಾಕ್ಕಂಡಿತ್ತು. ಅದ್ನ ನೆಟ್ಟಗೆ ಮಾಡಿ ನಿನ್ನ ಡ್ರಾವರಲ್ಲಿ ಇಟ್ಟಿದ್ದು ಆನೇಯ."

ಆ ಹಾಳೆಯನ್ನು ಅಲ್ಲಿಟ್ಟವಳು ಅವಳೇ ಎಂದು ನನಗೆ ಹೊಳೆದೇ ಇರಲಿಲ್ಲ. "ಮತ್ತೆ ಹಳೇದೇ ಬೇಕು ಹೇಳಿ ಅಷ್ಟು ವಾದ ಮಾಡಿದ್ದು?"

"ಹೊಸದ್ರಲ್ಲಿ ಮಾಡ್ದೇ ಇದ್ರೆ ನೀ ಹೋಗ್ತಿಲ್ಲೆ ಹೇಳಿ, ಅದಕ್ಕೇ."

ಮೂರು ವಾರದ ತಾಂತ್ರಿಕ ಚರ್ಚೆಯಲ್ಲಿ ನಿಜವಾದ ಕಾರಣಗಳು ಇವೆರಡೇ. ನನಗೆ ನಾಚಿಕೆಯಾಯಿತು. ಮಾತು ಬದಲಿಸಲು ಪೆಟ್ರೋಲ್ ಹಾಕಿಸಬೇಕು ಎಂದೆ. ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿಯೇ ಇತ್ತು.

ಆಫೀಸಿಗೆ ಬಂದಾಗ ಗಿರಾಕಿಯ ಫೋನು. ಏನು ತೀರ್ಮಾನವಾಯಿತು ಎಂದು ಕೇಳಿದರು. ದೇವರ ಅಪ್ಪಣೆಯಾಗಿದೆ, ಹತ್ತು ದಿನದಲ್ಲಿ ಆಗುತ್ತದೆ ಎಂದಳು ಗೆಳತಿ. "ಹಂಗಾದ್ರ ಚಿಂತಿಲ್ಲ ಬಿಡ್ರಿ" ಎಂದು ಅವರು ಫೋನಿಟ್ಟರು. ನಮ್ಮ ಯಾವ ವಿವರಣೆಯನ್ನೂ ಅವರು ಅಷ್ಟು ಬೇಗ ಒಪ್ಪಿರಲಿಲ್ಲ.

ನಾನು ಕೂತು ಕೆಲಸ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಅವಳು ತನ್ನ ಕುರ್ಚಿಯನ್ನು ಎಳೆದುಕೊಂಡು ನನ್ನ ಮೇಜಿನ ಪಕ್ಕ ಬಂದು ಕೂತಳು. ಕೈಯಲ್ಲಿ ನೋಟ್‌ಬುಕ್ಕೂ ಪೆನ್ನೂ ಇದ್ದವು.

"ಎಂತದೇ?" ಎಂದೆ.

"ಇದ್ನ ನಂಗೆ ಕಲಿಸು. ನಿಧಾನಕ್ಕೆ, ಮೊದಲಿಂದ."

"ನಿಂಗೆ ಈಗ ಎಂತಕ್ಕೆ?"

"ನೀ ಹೋದ್ಮೇಲೆ ಆನೇ ನೋಡ್ಕಳವಲೆ" ಎಂದಳು, ಪೆನ್ನಿನ ಕ್ಯಾಪ್ ತೆಗೆಯುತ್ತ.