ಉಪ್ಪಿನ ಉಗ್ರಾಣದ ಮೂಲೆಯಲ್ಲಿ ನಾಲ್ಕು ನಿಮಿಷ

ಬೆಳಗಿನ ಐದು ಗಂಟೆ. ತೈನಾನ್ ನಗರದ ಉಪ್ಪಿನ ಉಗ್ರಾಣದ ಓಣಿಯಲ್ಲಿ ಬಿದಿರು ಪೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಲದೆಲೆ, ಅಗಿದುಗುಳಿದ ಅಡಿಕೆ, ಹಿಂದಿನ ದಿನ ಗುಡಿಯ ಮುಂದೆ ಸುಟ್ಟ ಪಟಾಕಿಯ ಕೆಂಪು ಕಾಗದ ಎಲ್ಲವನ್ನೂ ಗುಡ್ಡೆ ಹಾಕುತ್ತ ಬರುವ ಜುವಾಂಗ್ ಬೀಯುನ್, ವಾರ್ಡಿನ ಸೂಚನಾ ಫಲಕದ ಮುಂದೆ ನಿಲ್ಲುತ್ತಾರೆ. ಕೈಗವಸು ಕಳಚಿ, ಟೋಪಿಯ ಮೇಲಿದ್ದ ಕನ್ನಡಕ ಇಳಿಸಿ, ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾರೆ. ಡೆಂಗಿ ಔಷಧದ ಸಿಂಪಡಣೆ ಯಾವತ್ತು, ಹಿರಿಯರಿಗೆ ಊಟ ಎಲ್ಲಿ, ಕಾಲುವೆ ಸೇತುವೆಯ ಹೊಸ ಯೋಜನೆ ಏನು. ಹತ್ತೊಂಬತ್ತು ವರ್ಷದಿಂದ ಇದರ ಕೆಳಗೆ ಗುಡಿಸುತ್ತಿರುವ ಅವರು ಓದಲು ಶುರು ಮಾಡಿದ್ದು ಮಾತ್ರ ಕಳೆದ ಆಗಸ್ಟಿನಿಂದ.

"ಮುಂಚೆ ಗಾಜು ಒರೆಸ್ತಿದ್ದೆ, ಅಷ್ಟೇ," ಎನ್ನುತ್ತಾರೆ. "ಒಳಗಿರೋದು ಮನೆ ಇರೋರಿಗೆ, ನಮಗಲ್ಲ ಅಂದ್ಕೊಂಡಿದ್ದೆ."

ಬೀಯುನ್‌ಗೆ ಈಗ ಐವತ್ತನಾಲ್ಕು. ಚಪ್ಪಲಿ ಕಾರ್ಖಾನೆಯಲ್ಲಿ ಹೊಲಿಗೆ ಹಾಕುತ್ತಿದ್ದವರು, ಕಾರ್ಖಾನೆ ಕಡಲಾಚೆ ಹೋದಾಗ ಮನೆಯಲ್ಲಿ ಕೂರಲಿಲ್ಲ. ನಗರದ ಸ್ವಚ್ಛತಾ ದಳಕ್ಕೆ ಅರ್ಜಿ ಹಾಕಿದರು. ಆ ಕೆಲಸಕ್ಕೆ ಬರೀ ಅರ್ಜಿ ಸಾಲದು, ಮರಳಿನ ಮೂಟೆ ಹೊತ್ತು ಓಡಿ ತೋರಿಸಬೇಕು. ಎರಡು ತಿಂಗಳು ಗಂಡನ ಕಣ್ಣಿಗೆ ಬೀಳದ ಹಾಗೆ ಅಕ್ಕಿ ಚೀಲ ಹೊತ್ತು ಮನೆಯ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದರಂತೆ. ಹೆಂಗಸರ ಸಾಲಿನಲ್ಲಿ ಐದನೆಯವರಾಗಿ ಗುರಿ ಮುಟ್ಟಿದ್ದನ್ನು ಹೇಳುವಾಗ ಇಂದಿಗೂ ಬೆನ್ನು ನೆಟ್ಟಗಾಗುತ್ತದೆ. ಉಳಿದ ಹೊತ್ತು ಆ ಬೆನ್ನು ಅಷ್ಟು ನೆಟ್ಟಗಿರುವುದಿಲ್ಲ. ಒಡೆದ ಗಾಜು ಎರಡು ಸಲ ಅಂಗೈ ಸೀಳಿದೆ, ಬಲಗೈಯ ತೋರುಬೆರಳು ಪೂರ್ತಿ ಮಡಚುವುದಿಲ್ಲ.

ಬೆಳಿಗ್ಗೆ ಎರಡೂವರೆ ಕಿಲೋಮೀಟರು ಪೊರಕೆ, ಸಂಜೆ ಕಸದ ಬಂಡಿಯ ಹಿಂದೆ ಮೂವತ್ತೆಂಟು ನಿಲುಗಡೆ. ಪ್ರತಿ ನಿಲುಗಡೆಗೆ ನಾಲ್ಕು ನಿಮಿಷ. ಕಸ ನೆಲಕ್ಕೆ ತಾಗಬಾರದು, ಕೈಯಿಂದಲೇ ಬಂಡಿಗೆ ಹಾಕಬೇಕು ಎಂಬುದು ಇಲ್ಲಿಯ ಕಟ್ಟಳೆ. ಬಂಡಿಯ ಹಾಡು ಕೇಳಿದೊಡನೆ ಅಡುಗೆ, ಜಗಳ, ಜಪ ಎಲ್ಲ ಬಿಟ್ಟು ಜನ ಚೀಲ ಹಿಡಿದು ಓಡಿ ಬರುತ್ತಾರೆ. ಬಂಡಿ ಬರುವ ಮೊದಲೇ ಬಂದು ನಿಲ್ಲುವವರೂ ಇದ್ದಾರೆ. ಉಪ್ಪಿನ ಉಗ್ರಾಣದ ಮೂಲೆಯಲ್ಲಂತೂ ಅರ್ಧ ಗಂಟೆ ಮೊದಲೇ ಸಂತೆ ನೆರೆಯುತ್ತದೆ.

ಈ ಓಣಿಯ ನಿಜವಾದ ಸಭೆ ನಡೆಯುವುದು ಅಲ್ಲೇ. ಮೆಟ್ರೊ ಯಾವ ಬೀದಿಯ ಕೆಳಗೆ ಹೋಗಬೇಕು, ಮಳೆನೀರಿನ ಕೊಳವೆ ಎಷ್ಟು ಅಗಲ ಇರಬೇಕು ಎಂಬುದನ್ನೆಲ್ಲ ಮೀನಿನ ಮುಳ್ಳಿನ ಚೀಲ ಹಿಡಿದವರು ತೀರ್ಮಾನಿಸುತ್ತಾರೆ. ಆಚೆ ಬೀದಿಯಲ್ಲಿ ಎದ್ದ ಇಪ್ಪತ್ತಾರು ಮಹಡಿಯ ಕಟ್ಟಡಕ್ಕೆ ಕಸಕ್ಕೆಂದೇ ಬೇರೆ ಕೋಣೆಯಿದೆ ಎಂದು ಯಾರೋ ಹೊಗಳಿದರೆ, ದರ್ಜಿ ಕೋ ಅಜ್ಜಿ ಬಿಡಲಿಲ್ಲ. "ಹಂಗಾದ್ರೆ ಅವರು ಅಕ್ಕಪಕ್ಕದೋರ ಮುಖ ನೋಡೋದು ಯಾವಾಗ? ಲಿಫ್ಟು ಕೆಟ್ಟಾಗಲಾ?" ಎಂದರು. ಎಪ್ಪತ್ತೆಂಟರ ಕೋ ಅಜ್ಜಿಯ ಮಾತಿಗೆ ಎದುರಾಡುವವರು ಆ ಮೂಲೆಯಲ್ಲಿ ಇಲ್ಲ.

ಹೋದ ವರ್ಷದ ಬಿಸಿ ಚರ್ಚೆ ಓಣಿ ಅಗಲಗೊಳಿಸುವ ಯೋಜನೆಯದು. ನಕ್ಷೆಯ ಪ್ರಕಾರ ಪೂರ್ವದ ಬದಿಯ ಹದಿನಾಲ್ಕು ಮನೆಗಳ ಮುಂಭಾಗ ಹೋಗಬೇಕು. ಪಶ್ಚಿಮದಲ್ಲಿರುವುದು ಪಾಳು ಬಿದ್ದ ಉಪ್ಪಿನ ಉಗ್ರಾಣ, ಒಳಗೆ ಬೆಕ್ಕುಗಳ ಹೊರತು ಯಾರೂ ಇಲ್ಲ. ಫ್ಯಾನು ರಿಪೇರಿಯ ಲಿಯಾವ್ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ತಾವೇ ಒಂದು ನಕ್ಷೆ ಬರೆದು ತಂದರು. ಉಗ್ರಾಣದ ಗೋಡೆ ಆರು ಮೀಟರು ಹಿಂದೆ ಸರಿದರೆ ಒಂದು ಮನೆಯೂ ಮುರಿಯಬೇಕಿಲ್ಲ. ಇಡೀ ಮೂಲೆ ಒಪ್ಪಿತು. ಸಾರ್ವಜನಿಕ ವಿಚಾರಣೆಯ ದಿನ ಅದನ್ನು ಮುಂದಿಡುವುದೆಂದು ಮಾತಾಯಿತು.

ವಿಚಾರಣೆ ಬಿದ್ದದ್ದು ಆಗಸ್ಟಿನ ಒಂದು ಮಂಗಳವಾರ, ಸಂಜೆ ಏಳಕ್ಕೆ. ಬಂಡಿ ಮೂಲೆಗೆ ಬರುವುದು ಏಳಕ್ಕೆ ಐದು ನಿಮಿಷ ಇರುವಾಗ. ಬುಧವಾರ ಬಂಡಿಯೇ ಇಲ್ಲ. ಮಂಗಳವಾರ ತಪ್ಪಿದರೆ ಆಗಸ್ಟಿನ ಸೆಕೆಯಲ್ಲಿ ಆ ಚೀಲವನ್ನು ಗುರುವಾರದವರೆಗೆ ಮನೆಯಲ್ಲಿಟ್ಟುಕೊಳ್ಳಬೇಕು. ಅದಕ್ಕೇ ಅಂದು ಬೆಳಿಗ್ಗೆ ಗುಡಿಸುತ್ತಿದ್ದ ಬೀಯುನ್ ಬಳಿ ಕೋ ಅಜ್ಜಿ ಬಂದರು. ಕೈಯಲ್ಲಿ ಎಂದಿನಂತೆ ಬೂದುಗುಂಬಳದ ತಂಪು ಪಾನಕದ ಲೋಟ.

"ಬೀಯುನ್, ಇವತ್ತೊಂದಿನ ನಮ್ಮ ಮೂಲೆಗೆ ಕೊನೇಲಿ ಬನ್ನಿ ಅಂತ ನಿಮ್ಮ ಡ್ರೈವರ್‌ಗೆ ಹೇಳ್ತೀಯೇನಮ್ಮ?"

"ಅದೆಲ್ಲ ನಮ್ಮ ಕೈಲಿಲ್ಲ ಅಜ್ಜಿ. ನಿಯಮ," ಎಂದು ಬೀಯುನ್ ಪಾನಕ ಕುಡಿದು ಲೋಟ ಹಿಂದಿರುಗಿಸಿದರು.

ಅಂದು ಸಂಜೆ ಮಳೆನೀರಿನ ಕೊಳವೆಗೆ ಅಗೆದ ಗುಂಡಿಯ ಮುಂದೆ ಬಂಡಿ ಸಿಕ್ಕಿಕೊಂಡಿತು. ಮೂಲೆಯಲ್ಲಿ ಮೂವತ್ತು ಜನ ಚೀಲ ಹಿಡಿದು ಕಾದರು. ಅರ್ಧ ಜನ ಸಭೆಗೆ ಹೋಗಲಿ, ಉಳಿದವರು ಎಲ್ಲರ ಚೀಲ ಹಿಡಿದುಕೊಳ್ಳಲಿ ಎಂದು ಲಿಯಾವ್ ಹೇಳಿದ್ದುಂಟು. ಆದರೆ ಯಾವ ಸಭೆ ಹೇಳಿದ ಹೊತ್ತಿಗೆ ಶುರುವಾಗಿದೆ, ಎಲ್ಲ ಒಟ್ಟಿಗೇ ಹೋಗೋಣ ಎಂದರು ಉಳಿದವರು. ಅಧಿಕಾರಿಗಳ ಮುಂದೆ ಒಬ್ಬೊಬ್ಬರೇ ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಬಂಡಿ ಬಂದಾಗ ಏಳು ಇಪ್ಪತ್ತು. ಲಿಯಾವ್ ಒಂದು ಕೈಯಲ್ಲಿ ಚೀಲ ಕೊಟ್ಟು ಇನ್ನೊಂದು ಕೈಯಲ್ಲಿ ಕ್ಯಾಲೆಂಡರ್ ಹಾಳೆ ಹಿಡಿದು ಓಡಿದ್ದನ್ನು ಬೀಯುನ್ ಬಂಡಿಯ ಹಿಂದಿನಿಂದ ನೋಡಿದರು. ಇವರೆಲ್ಲ ವಾರ್ಡಿನ ಸಭಾಂಗಣ ತಲುಪಿದಾಗ ಅಲ್ಲಿ ಕುರ್ಚಿ ಮಡಚಿಡುತ್ತಿದ್ದರು. ಹಾಜರಿದ್ದ ನಿವಾಸಿಗಳು ಮೂವರು, ಯಾರ ಆಕ್ಷೇಪವೂ ಇಲ್ಲ ಎಂದು ಬರೆದಾಗಿತ್ತು. ಆಮೇಲೆ ಕೊಟ್ಟ ಮನವಿಗೆ, ಗಮನಿಸಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು.

ಎರಡು ತಿಂಗಳಾದ ಮೇಲೆ ಬಂಡಿ ತೊಳೆಯುವಾಗ ಬೀಯುನ್ ಈ ಕಥೆಯನ್ನು ಚಾಲಕ ಆಹೊಂಗ್‌ಗೆ ಹೇಳಿದರು. ಆತ ನೀರಿನ ಕೊಳವೆ ಕೆಳಗಿಟ್ಟ.

"ಅಕ್ಕ, ಒಂದು ಮಾತು ಹೇಳೋದಲ್ವಾ? ಮಾರುಕಟ್ಟೆ ಕಡೆ ಮೊದಲು ಮುಗಿಸ್ಕೊಂಡು ಬರ್ತಿದ್ದೆ. ದೇವರ ಮೆರವಣಿಗೆ ದಿನ ಹಂಗೇ ತಾನೆ ಮಾಡೋದು?"

ಹೌದು, ಹಾಗೇ ಮಾಡುತ್ತಾರೆ. ಮೆರವಣಿಗೆ ಬೀದಿಗೆ ಬಂದ ದಿನ ನಿಲುಗಡೆಗಳ ಸರದಿ ಹಿಂದುಮುಂದಾಗುತ್ತದೆ, ಮೇಲಿನವರಿಗೆ ಒಂದು ಫೋನು ಸಾಕು. ಹತ್ತೊಂಬತ್ತು ವರ್ಷ ಆ ಬಂಡಿಯ ಹಿಂದೆ ನಿಂತ ಬೀಯುನ್‌ಗೆ ಇದು ಗೊತ್ತಿತ್ತು. ದೇವರಿಗೆ ದಾರಿ ಬಿಡುವ ನಿಯಮ ದರ್ಜಿ ಅಜ್ಜಿಗೂ ಬಿಟ್ಟೀತು ಎಂದು ಮಾತ್ರ ಹೊಳೆಯಲಿಲ್ಲ.

ಈಗ ಪೂರ್ವ ಬದಿಯ ಗೋಡೆಗಳ ಮೇಲೆ ಕೆಂಪು ಬಣ್ಣದ ಗೆರೆ ಎಳೆದಿದ್ದಾರೆ. ಕೋ ಅಜ್ಜಿಯ ಹೊಲಿಗೆ ಯಂತ್ರ ಗೆರೆಯ ಈಚೆಗೆ, ಒಡೆಯುವ ಬದಿಯಲ್ಲಿದೆ, ಮಂಚ ಆಚೆಗಿದೆ. ಚಂದ್ರನ ಹಬ್ಬ ಕಳೆದ ಮೇಲೆ ಒಡೆಯುತ್ತಾರಂತೆ. ಅಜ್ಜಿ ಮಾತ್ರ ಈಗಲೂ ಬೆಳಿಗ್ಗೆ ಪಾನಕ ತಂದುಕೊಡುತ್ತಾರೆ. ಆ ಮಂಗಳವಾರದ ಮಾತನ್ನು ಒಮ್ಮೆಯೂ ಎತ್ತಿಲ್ಲ.

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಬೀಯುನ್. "ಲೋಟ ಕೊಟ್ಟು ನಗ್ತಾರೆ."

ಫಲಕದ ಮೇಲಿನ ಬೆರಳು ಕೊನೆಯ ಸಾಲಿಗೆ ಬಂದು ನಿಲ್ಲುತ್ತದೆ. ಕಾಲುವೆ ಸೇತುವೆಯ ವಿಚಾರಣೆ, ಶುಕ್ರವಾರ, ಸಂಜೆ ಏಳು. ಕಾಲುವೆ ದಂಡೆಯವರು ಕಸ ಹಿಡಿದು ನಿಲ್ಲುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೀಯುನ್ ಸಮವಸ್ತ್ರದ ಜೇಬಿನಿಂದ ಫೋನು ತೆಗೆದು ಆಹೊಂಗ್‌ಗೆ ಕರೆ ಮಾಡುತ್ತಾರೆ. ಐದೂಕಾಲು ಗಂಟೆಗೆ ನಿದ್ದೆಗಣ್ಣಿನಲ್ಲಿ ಆತ ಗೊಣಗುವುದು ಹೊರಗೂ ಕೇಳಿಸುತ್ತದೆ. ಕೊನೆಗೆ, ಆಯ್ತಕ್ಕ, ಅವರಿಗೆ ಎಂಟರ ಮೇಲೆ ಬರೋಣ, ಆಫೀಸಿಗೆ ನಾನೇ ಹೇಳ್ತೀನಿ ಎನ್ನುತ್ತಾನೆ. ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಫೋನು ಜೇಬಿಗಿಟ್ಟು ಅವರು ಪೊರಕೆ ಎತ್ತಿಕೊಳ್ಳುತ್ತಾರೆ. ಆದರೆ ಗುಡಿಸುವುದಿಲ್ಲ. ಕೋ ಅಜ್ಜಿಯ ಬಾಗಿಲಿನ ಕೆಂಪು ಗೆರೆಯ ಕಡೆ ನೋಡುತ್ತಾರೆ.

"ನೋಡಿ, ಇಷ್ಟೇ ಇದ್ದಿದ್ದು," ಎನ್ನುತ್ತಾರೆ.